ಗುಮ್ಮಟದ ಮಾರ್ದನಿ, ಎಂಜಿನ್ನಿನ ಕಟಕಟ

ವಿಜಯಪುರದಲ್ಲಿರುವ ನಮ್ಮ ಕಾಕಾನ ಕಾರಿಗೆ ಮೂವತ್ತರ ಮೇಲಾಯಿತು. ಕಾರ್ಬುರೇಟರ್ ಕಾಲದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ದೀಪಾವಳಿ ಮುಗಿದ ವಾರ ಫೋನ್ ಬಂತು. "ಗಾಡಿ ಬಡ್ಯಾಕತ್ತೈತೋ ತಮ್ಮಾ, ಒಂದ್ಸವನ ಕಟಕಟ ಅಂತೈತಿ. ಯಾರದರ ಕಣ್ಣು ಬಿದ್ದಿರಬೇಕು." ನಾನು ಹೋಗಿ ನೋಡುವಷ್ಟರಲ್ಲಿ ಮೂರು ಮದ್ದು ಆಗಿಹೋಗಿದ್ದವು. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಎಂಜಿನ್ನಿಗೆ ಅಂಗಡಿಯವ ಕೊಟ್ಟ ದಪ್ಪ ಆಯಿಲ್. ಟಾಕಿಗೆ ಹೆಚ್ಚಿನ ರೇಟಿನ ಪೆಟ್ರೋಲ್.

"ಯಾವಾಗ ಬಡಿತೈತಿ ಕಾಕಾ?"

"ಯಾವಾಗ ಅಂದ್ರ? ಓಡೂ ಮುಂದ!"

ನನಗೆ ಸಿಟ್ಟು ಬರುವುದು ಇಲ್ಲಿಯೇ. ನಿಂಬೆಹಣ್ಣಿನ ಮೇಲೆ ಎಷ್ಟೋ, ಅಂಗಡಿಯ ಡಬ್ಬಿಯ ಮೇಲೂ ಅಷ್ಟೇ. ಎಂಜಿನ್ ಬಡಿತಕ್ಕೆ ಗ್ಯಾರೇಜಿನಲ್ಲಿ ಹೇಳುವ "ನಾಕಿಂಗ್" ಎಂಬ ಮಾತು "ಹೊಟ್ಟೆನೋವು" ಅಂದಹಾಗೆ. ಅಪೆಂಡಿಕ್ಸೂ ಹೊಟ್ಟೆನೋವೇ, ರಾತ್ರಿ ಜಾಸ್ತಿ ತಿಂದ ಮಿರ್ಚಿ ಭಜಿಯೂ ಹೊಟ್ಟೆನೋವೇ. ಎರಡಕ್ಕೂ ಒಂದೇ ಗುಳಿಗೆ ಕೊಡುವ ವೈದ್ಯನ ಹತ್ತಿರ ನಾವು ಹೋಗುವುದಿಲ್ಲ, ಗಾಡಿಯನ್ನು ಮಾತ್ರ ಕರೆದುಕೊಂಡು ಹೋಗುತ್ತೇವೆ.

ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆದಕಿದಾಗ ಎರಡು ಬೇರೆ ಸದ್ದು ಹೊರಬಿದ್ದವು. ಒಂದು, ಮನೆ ಮುಂದೆ ನಿಂತಾಗಲೂ ಕೇಳುವ ಮಂದ ಟಕ್ ಟಕ್. ಇನ್ನೊಂದು, ಬೆಳಗಾವಿಗೆ ಹೋಗುವಾಗ ವಂಟಮುರಿ ಘಾಟಿನಲ್ಲಿ ಟಾಪ್ ಗೇರಿನಲ್ಲೇ ಏರಿಸಿದರೆ ಬರುವ ಕಿಣಿಕಿಣಿ, ಡಬ್ಬಿಯೊಳಗೆ ಗೋಲಿ ಹಾಕಿ ಅಲ್ಲಾಡಿಸಿದಂತೆ. ಮೊದಲನೆಯದು ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಎರಡನೆಯದರಲ್ಲಿ ಯಾವ ಭಾಗವೂ ಯಾವುದಕ್ಕೂ ಬಡಿಯುತ್ತಿರುವುದಿಲ್ಲ, ಬಡಿಯುತ್ತಿರುವುದು ಬರೀ ಗಾಳಿ. ನನ್ನ ಪ್ರೀತಿಯ ವಿಷಯ ಅದೇ ಆಗಿರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಜೋಳದ ಕಣಿಕೆಯ ಬಣವಿಗೆ ಒಂದು ಮೂಲೆಯಲ್ಲಿ ಬೆಂಕಿ ತಗಲಿದರೆ ಅದು ಸರಿದು ಸರಿದು ಇನ್ನೊಂದು ತುದಿ ಮುಟ್ಟುತ್ತದೆ. ಸಿಲಿಂಡರಿನಲ್ಲಿ ಆಗಬೇಕಾದದ್ದೂ ಹೀಗೆಯೇ. ಪ್ಲಗ್ ಕಿಡಿ ಹಾರಿಸುತ್ತದೆ, ಜ್ವಾಲೆ ಸೆಕೆಂಡಿಗೆ ಇಪ್ಪತ್ತು ಮೂವತ್ತು ಮೀಟರ್ ವೇಗದಲ್ಲಿ ಹರಡುತ್ತ ಪಿಸ್ಟನ್ನನ್ನು ಒತ್ತುತ್ತದೆ. ಆದರೆ ಘಾಟಿನ ಭಾರ, ಕಾದ ಎಂಜಿನ್, ಕಿಡಿಯ ಅವಸರ ಮೂರೂ ಕೂಡಿದರೆ, ಜ್ವಾಲೆ ಇನ್ನೂ ಮುಟ್ಟಿರದ ಮೂಲೆಯ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಾಳಲಾರದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಣವಿಯ ಆ ತುದಿಯೆಲ್ಲ ಒಮ್ಮೆಲೇ ಭಗ್ ಅಂದಂತೆ. ಪಂಚಮಿಯ ಜೋಕಾಲಿ ನೆನೆಸಿಕೊಳ್ಳಿ: ಹಿಂದೆ ಬಂದು ತಿರುಗುವ ಗಳಿಗೆಯಲ್ಲಿ ನೂಕಿದರೆ ಹಗುರಾಗಿ ಹೋಗುತ್ತದೆ, ಇನ್ನೂ ಬರುತ್ತಿರುವಾಗಲೇ ನೂಕಿದರೆ ಕೈ ಜುಮ್ಮೆನ್ನುತ್ತದೆ. ಅವಸರದ ಕಿಡಿ ಇನ್ನೂ ಮೇಲಕ್ಕೆ ಬರುತ್ತಿರುವ ಪಿಸ್ಟನ್ನನ್ನು ಹಾಗೆ ಎದುರು ನೂಕುತ್ತದೆ.

ಹೊತ್ತಿಕೊಂಡಿತು ಸರಿ, ಕಿಣಿಕಿಣಿ ಯಾಕೆ? ಇದಕ್ಕೆ ಉತ್ತರ ವಿಜಯಪುರದವರಿಗೆ ಮನೆಯ ಹತ್ತಿರವೇ ಇದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ. ಒಳಗಿನ ವ್ಯಾಸ ಸುಮಾರು 38 ಮೀಟರ್. ಸದ್ದು ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್, ಅಂದರೆ ಸೆಕೆಂಡಿಗೆ ನಾಲ್ಕೈದು ಸಲ ಓಡಾಡಬಲ್ಲದು. ಒಂದೊಂದು ಮಾರ್ದನಿಯೂ ಬಿಡಿಬಿಡಿಯಾಗಿ ಕಿವಿಗೆ ಬೀಳುವುದು ಅದಕ್ಕೇ. ಸಿ. ವಿ. ರಾಮನ್ ಇಂಥ ಗ್ಯಾಲರಿಗಳ ಬಗ್ಗೆ 1920ರ ದಶಕದ ಮೊದಲಲ್ಲಿ ಅಧ್ಯಯನ ಮಾಡಿದಾಗ ನಮ್ಮ ಗುಮ್ಮಟವನ್ನೂ ಬಿಟ್ಟಿರಲಿಲ್ಲ. ಈಗ ಆ ಗುಮ್ಮಟವನ್ನು 68 ಮಿಲಿಮೀಟರಿಗೆ ಕುಗ್ಗಿಸಿ. ಹಳೆಯ ಸಣ್ಣ ಕಾರುಗಳ ಸಿಲಿಂಡರಿನ ವ್ಯಾಸ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಅನಿಲ ಎರಡು ಸಾವಿರ ಡಿಗ್ರಿ ಮೀರಿ ಕಾದಿರುವುದರಿಂದ ಸದ್ದು ಅಲ್ಲಿ ಸೆಕೆಂಡಿಗೆ 900 ಮೀಟರಿಗೂ ಜೋರಾಗಿ ಓಡುತ್ತದೆ. ಅದೇ ಚಪ್ಪಾಳೆ ಈಗ ಗೋಡೆಯಿಂದ ಗೋಡೆಗೆ ಸೆಕೆಂಡಿಗೆ ಸುಮಾರು ಏಳು ಸಾವಿರ ಸಲ ಓಡಾಡುತ್ತದೆ. ಮಾರ್ದನಿಗಳು ಒಂದಕ್ಕೊಂದು ಅಂಟಿ ಕಿಣಿ ಎಂಬ ಒಂದೇ ಸ್ವರವಾಗುತ್ತವೆ. ಎಂಜಿನ್ ಒಂದು ಪುಟ್ಟ ಗೋಳಗುಮ್ಮಟ, ಒಳಗೆ ಚಪ್ಪಾಳೆ ತಟ್ಟುತ್ತಿರುವುದು ಪೆಟ್ರೋಲು.

ಈ ಸದ್ದಿನ ಬೆನ್ನು ಹತ್ತಿದ ಅಮೆರಿಕದ ಎಂಜಿನಿಯರ್ ಥಾಮಸ್ ಮಿಡ್‌ಗ್ಲೀ ಕತೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದ ಆಗದು. 1916ರಲ್ಲಿ ಅವನಿಗೆ ಒಂದು ವಿಚಿತ್ರ ಊಹೆ ಬಂತು: ಇಂಧನಕ್ಕೆ ಕೆಂಪು ಬಣ್ಣ ಹಾಕಿದರೆ ಅದು ಶಾಖ ಹೀರಿ ಬೇಗ ಆವಿಯಾಗಿ ಬಡಿತ ನಿಲ್ಲಬಹುದು. ಕೈಗೆ ಕೆಂಪು ಬಣ್ಣ ಸಿಗಲಿಲ್ಲ, ಅಯೋಡಿನ್ ಸಿಕ್ಕಿತು. ಹಾಕಿದ, ಬಡಿತ ಇಳಿಯಿತು! ನಮ್ಮಲ್ಲಾಗಿದ್ದರೆ ಮರುದಿನದಿಂದ ಟಾಕಿಗೆ ಕುಂಕುಮ ಬೀಳುತ್ತಿತ್ತು. ಅವನು ಬೇರೆ ಕೆಂಪು ಬಣ್ಣಗಳನ್ನು ತರಿಸಿ ಹಾಕಿ ನೋಡಿದ, ಒಂದೂ ನಡೆಯಲಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತ ಹಾಕಿದ, ಅದು ನಡೆಯಿತು. ತನ್ನ ಊಹೆಯನ್ನು ತಾನೇ ಕೊಂದ. ಮುಂದೆ 1921ರಲ್ಲಿ ಅದೇ ಹುಡುಕಾಟ ಟೆಟ್ರಾಈಥೈಲ್ ಸೀಸಕ್ಕೆ ಬಂದು ನಿಂತಿತು, ಜಗತ್ತಿನ ಗಾಳಿಗೆಲ್ಲ ವಿಷ ಬೆರೆಯಿತು, ಆ ಸೀಸ ಭಾರತದ ಪೆಟ್ರೋಲಿನಿಂದ ಪೂರ್ತಿ ಹೋಗಲು 2000ನೇ ಇಸವಿ ಬರಬೇಕಾಯಿತು. ಅದು ಬೇರೆಯೇ ಲೇಖನ.

ಕಾಕಾ ಹಾಕಿಸಿದ ಹೆಚ್ಚಿನ ರೇಟಿನ ಪೆಟ್ರೋಲ್ ಹೆಚ್ಚು ಆಕ್ಟೇನಿನದು, ಅಂದರೆ ತಾನಾಗಿಯೇ ಹೊತ್ತಿಕೊಳ್ಳದೆ ಹೆಚ್ಚು ತಾಳುವಂಥದು; ಅದು ಈ ಕಿಣಿಕಿಣಿಗೆ ಮಾತ್ರ ಮದ್ದು. ಮನೆ ಮುಂದಿನ ಟಕ್ ಟಕ್‌ಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಬೇಕಾದದ್ದು ಲೆಕ್ಕ.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಶಾಫ್ಟು, ಅಂದರೆ ಕ್ರ್ಯಾಂಕ್, ಎರಡು ಸುತ್ತು ಹಾಕಿದರೆ ವಾಲ್ವ್ ತೆರೆಯುವ ಶಾಫ್ಟು, ಅಂದರೆ ಕ್ಯಾಮ್, ಒಂದೇ ಸುತ್ತು. ನಿಂತ ಗಾಡಿಯ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಹದಿಮೂರು. ಕ್ಯಾಮಿನಿಂದ ವಾಲ್ವಿಗೆ ನೂಕು ದಾಟಿಸುವ ಒಂದು ಟ್ಯಾಪೆಟ್ ಸಡಿಲಾಗಿದ್ದರೆ ಸೆಕೆಂಡಿಗೆ ಆರೇಳು ಸಲ ಮಾತ್ರ ಟಿಕ್ ಅನ್ನುತ್ತದೆ. ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂಡುವ ಕೆಳಗಿನ ಬೇರಿಂಗ್ ಬಡಿತ ಹೆಚ್ಚಾಗಿ ಕ್ರ್ಯಾಂಕಿನ ಲೆಕ್ಕದಲ್ಲೇ ಬರುತ್ತದೆ. ಬೆಳಿಗ್ಗೆ ಬಡಿದು ಕಾದ ಮೇಲೆ ಸುಮ್ಮನಾಗುವುದು ಪಿಸ್ಟನ್. ಪಿಸ್ಟನ್ನಿನ ಅಲ್ಯುಮಿನಿಯಂ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೂರು ಡಿಗ್ರಿ ಕಾದರೆ 68 ಮಿಲಿಮೀಟರಿನ ಪಿಸ್ಟನ್ ಸಿಲಿಂಡರಿಗಿಂತ 0.08 ಮಿಲಿಮೀಟರಿನಷ್ಟು, ಒಂದು ಕೂದಲಿನ ದಪ್ಪ, ಹೆಚ್ಚು ಹಿಗ್ಗಿ ಸಂದು ತುಂಬುತ್ತದೆ.

ಕಾಕಾನ ಗಾಡಿಯದು ಕಾದ ಮೇಲೂ ನಿಲ್ಲಲಿಲ್ಲ. ಮಿಸ್ತ್ರಿಯ ಹತ್ತಿರ ಒಯ್ದೆವು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡರು. ಮೇಲೆ ವಾಲ್ವ್ ಮುಚ್ಚಳದ ಹತ್ತಿರ ಏನಿಲ್ಲ, ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಸಂಪಿನ ಹತ್ತಿರ ಗುದ್ದು. ಆಮೇಲೆ ಇನ್ಸುಲೇಟೆಡ್ ಪಕ್ಕಡಿನಿಂದ ಒಂದೊಂದೇ ಪ್ಲಗ್ ವಾಯರ್ ಕಿತ್ತು ಹಾಕುತ್ತ ಬಂದರು. ಒಂದು, ಎರಡು... ಎಂಜಿನ್ ನಡುಗಿತು, ಬಡಿತ ಹಾಗೇ ಇತ್ತು. ಮೂರನೆಯದು ಕಿತ್ತಾಗ ಸದ್ದು ಅರ್ಧಕ್ಕರ್ಧ ಕುಸಿಯಿತು. ಆ ಸಿಲಿಂಡರಿನಲ್ಲಿ ಬೆಂಕಿ ಇಲ್ಲ, ರಾಡಿನ ಮೇಲೆ ಹೊಡೆತ ಇಲ್ಲ, ಹಾಗಾಗಿ ಸವೆದ ಬೇರಿಂಗಿಗೆ ಬಡಿತವೂ ಕಡಿಮೆ.

ಸಂಪ್ ಇಳಿಸಿದರು. ಮೂರನೇ ರಾಡಿನ ಬೇರಿಂಗ್ ಚಿಪ್ಪಿನ ಬೂದು ಲೇಪ ಹೋಗಿ ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಶಾಫ್ಟಿಗೂ ಚಿಪ್ಪಿಗೂ ನಡುವೆ ಇರಬೇಕಾದದ್ದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಸಂದು, ಅದರಲ್ಲಿ ಆಯಿಲ್ ಪೊರೆ. ದಪ್ಪ ಆಯಿಲ್ ಆ ಸದ್ದನ್ನು ನಾಲ್ಕು ದಿನ ಮುಚ್ಚಿಟ್ಟಿತ್ತು, ಜೊತೆಗೆ ಚಳಿಯ ಬೆಳಗಿನಲ್ಲಿ ಬೇರಿಂಗಿಗೆ ತಡವಾಗಿ ಮುಟ್ಟಿ ಇನ್ನಷ್ಟು ಸವೆಸಿತ್ತು. ಕಾಕಾ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಉಗುರಿನಿಂದ ಗೆರೆಗಳನ್ನು ಸವರಿ ನೋಡಿದರು.

"ಮತ್ತ ಘಾಟಿನ್ಯಾಗಿನ ಕಿಣಿಕಿಣಿ?"

ಚಿಪ್ಪು ಬದಲಾಗಿ ಎಂಜಿನ್ ಮತ್ತೆ ಶುರುವಾದ ದಿನ ಮಿಸ್ತ್ರಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಕಿಡಿಯ ಹೊತ್ತು ನೋಡುವ ಟೈಮಿಂಗ್ ಲೈಟ್ ಹಿಡಿದು, ಕೂದಲಷ್ಟು ತಿರುಗಿಸಿ ಮತ್ತೆ ಬಿಗಿದರು. "ಕಿಡಿ ಬಾಳ ಮುಂದ ಇತ್ರಿ ಯಜಮಾನ್ರ. ಈಗ ಘಾಟ್ ಏರಿಸಿ ನೋಡ್ರಿ, ಮತ್ತ ಗೇರ್ ಇಳಸೂದು ಮರೀಬ್ಯಾಡ್ರಿ."