ಮೂಕವಾದ ವಿಮಾನ, ಹ್ಯಾಂಗ್ ಆಗುವ ಸಿಮ್: ಮಳೆಗಾಲದ ಟಿಪ್ಪಣಿ

ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕೆ (ಮುಂದೆ ಬರೀ ಸಿಮ್) ಬೇರೆಯವರು ಮಾಡಿದ ಆಡ್-ಆನ್ ವಿಮಾನ ಹಾಕಿಕೊಂಡು, ಅದರಲ್ಲಿ ಸದ್ದೇ ಬಾರದೆ, ನಡುವೆ ಹ್ಯಾಂಗ್ ಬೇರೆ ಆಗಿ ಕೈಚೆಲ್ಲಿ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಮ್ 2006ರದ್ದು, ಆದರೆ ನಮ್ಮ ಮನೆಯ ಕಂಪ್ಯೂಟರಿಗೆ ಇದೇ ಸರಿ. ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ಜೂನ್ ಮಳೆ ಹಿಡಿದುಕೊಂಡರೆ ಸಂಜೆ ಐದರ ಮೇಲೆ ಅಂಗಳಕ್ಕೂ ಇಳಿಯಲಾಗದು. ಈ ವರ್ಷದ ಅಂಥ ಮೂರು ವಾರ ಒಂದು ಹಳೆಯ ಆಡ್-ಆನ್ ಬೋಯಿಂಗ್ 737ರ ಹಿಂದೆ ಹೋದವು. ಕಲಿತದ್ದು ಮರೆತುಹೋಗುವ ಮೊದಲೇ ಬರೆದಿಡಬೇಕು.

ಮೊದಲ ಮಾತು: ಸದ್ದಿನ ತೊಂದರೆ ಬೇರೆ, ಹ್ಯಾಂಗ್ ಬೇರೆ. ಒಂದೇ ವಿಮಾನದಲ್ಲಿ ಎರಡೂ ಕಂಡದ್ದರಿಂದ ಒಂದೇ ಕಾರಣ ಇರಬೇಕೆಂದು ನಂಬಿ ನಾನು ಮೊದಲ ವಾರ ಕಳೆದೆ. ಸೌಂಡ್ ಡ್ರೈವರ್ ತೆಗೆದು ಹಾಕಿದೆ, ಸಿಮ್ಮನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಅದಾವುದೂ ಬೇಕಿರಲಿಲ್ಲ.

ಹತ್ತು ನಿಮಿಷದ ಪರೀಕ್ಷೆ

ಮಂಗಳೂರಿನ ರನ್‌ವೇ ಮೇಲೆ, ಶುಭ್ರ ಹವಾಮಾನ ಇಟ್ಟು, ಸಿಮ್ ಜೊತೆಗೇ ಬರುವ ಸೆಸ್ನಾ 172 ನಿಲ್ಲಿಸಿ ಆ ಫ್ಲೈಟನ್ನು ಸೇವ್ ಮಾಡಿಕೊಳ್ಳಿ. ಪ್ರತಿ ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಲಿ. ನನಗೆ ಮನೆಗೆ ಹತ್ತಿರ ಅಂತ ಕಣ್ಣೂರು ಬೇಕಿತ್ತು. ಆದರೆ ಆ ವಿಮಾನ ನಿಲ್ದಾಣ ತೆರೆದದ್ದು 2018ರಲ್ಲಿ, ಈ ಸಿಮ್ಮಿನಲ್ಲಿ ಅದು ಇಲ್ಲ. ಸೆಸ್ನಾದಲ್ಲಿ ಎಂಜಿನ್ ಸದ್ದು ಬರುತ್ತಿದ್ದರೆ ಸ್ಪೀಕರ್, ಡ್ರೈವರ್, ವಿಂಡೋಸ್ ಎಲ್ಲವೂ ಸರಿ ಇವೆ, ಅವುಗಳನ್ನು ಮುಟ್ಟಬೇಡಿ. ಸೆಸ್ನಾ ಕೂಡ ಮೂಕವಾಗಿದ್ದರೆ ಕೀಬೋರ್ಡಿನ ಕ್ಯೂ ಒತ್ತಿ ನೋಡಿ, ಅದು ಸದ್ದನ್ನು ಆರಿಸುವ, ಹಚ್ಚುವ ಕೀಲಿ. ಆಮೇಲೆ ಮೆನುವಿನಿಂದ ಆಡ್-ಆನ್ ವಿಮಾನಕ್ಕೆ ಬದಲಿಸಿ. ಈಗ ಮಾತ್ರ ಸದ್ದು ಹೋದರೆ ತಪ್ಪು ಆ ವಿಮಾನದ ಫೋಲ್ಡರಿನೊಳಗೇ ಇದೆ.

ಅಲಿಯಾಸ್ ಎಂಬ ಒಂದೇ ಸಾಲು

ನಾನು ಎಡವಿದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪ್ರತಿ ವಿಮಾನಕ್ಕೂ ಸಿಮ್‌ಆಬ್ಜೆಕ್ಟ್ಸ್ ಫೋಲ್ಡರಿನ ಒಳಗಿನ ಏರ್‌ಪ್ಲೇನ್ಸ್‌ನಲ್ಲಿ ಒಂದು ಮನೆ ಇರುತ್ತದೆ. ಆ ಮನೆಯೊಳಗೆ ಮಾಡೆಲ್, ಪ್ಯಾನೆಲ್, ಸೌಂಡ್, ಟೆಕ್ಸ್ಚರ್ ಎಂಬ ಕೋಣೆಗಳು, ಅಂದರೆ ಒಳ ಫೋಲ್ಡರುಗಳು. ಸೌಂಡ್ ಕೋಣೆಯಲ್ಲಿ ಹತ್ತಾರು ವೇವ್ ಫೈಲುಗಳು, ಯಾವುದು ಯಾವಾಗ ನುಡಿಯಬೇಕೆಂದು ಹೇಳುವ ಸೌಂಡ್.ಸಿಎಫ್‌ಜಿ ಇರಬೇಕು ಎಂಬುದು ನನ್ನ ತಿಳಿವಳಿಕೆ. ನನ್ನ 737ರಲ್ಲಿ ಸೌಂಡ್.ಸಿಎಫ್‌ಜಿ ಒಂದೇ ಇತ್ತು, ಅದೂ ಒಂದು ಕೆಬಿಗಿಂತ ಕಡಿಮೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಂದುಕೊಂಡೆ. ನಮ್ಮಲ್ಲಿ ಮಳೆಗೆ ನೆಟ್ ಹಾಗೆಯೇ. ಎರಡು ಸಲ ಮತ್ತೆ ಇಳಿಸಿದೆ, ಎರಡು ಸಲವೂ ಅದೇ ಅಳತೆ. ವಿರಾಜಪೇಟೆಯಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದಾಗ ಅಣ್ಣ ಕೇಳಿದ್ದು ಒಂದೇ: "ಆ ಫೈಲನ್ನ ತೆಗೆದು ಓದಿದ್ಯಾ?" ಓದಿರಲಿಲ್ಲ.

ಒಳಗಿದ್ದದ್ದು ಎರಡೇ ಸಾಲು. ಮೊದಲನೆಯದು ಚೌಕ ಕಂಸದೊಳಗೆ ಎಫ್‌ಎಲ್‌ಟಿಸಿಮ್. ಎರಡನೆಯದು ಅಲಿಯಾಸ್, ಸಮ ಚಿಹ್ನೆ, ಬಿ737_400, ಹಿಂದಕ್ಕೆ ಬಾಗಿದ ಗೆರೆ, ಸೌಂಡ್. ಫೈಲಿನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ, ನಡುವೆ ಜಾಗ ಬಿಡುವಂತಿಲ್ಲ.

ಇದರ ಅರ್ಥ: "ನನ್ನ ಹತ್ತಿರ ಸ್ವಂತ ಸದ್ದಿಲ್ಲ, ಬಿ737_400 ಮನೆಗೆ ಹೋಗಿ ಅಲ್ಲಿನ ಸೌಂಡ್ ಕೋಣೆಯಿಂದ ತೆಗೆದುಕೊಳ್ಳಿ." ಬೀಗದ ಕೈ ಪಕ್ಕದ ಮನೆಯಲ್ಲಿದೆ ಎಂದು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋದಂತೆ. ಪಕ್ಕದ ಮನೆಯವರೇ ಊರು ಬಿಟ್ಟಿದ್ದರೆ? ನನಗೆ ಆದದ್ದು ಅದೇ. ಈ ವಿಮಾನ ಮಾಡಿದ್ದು ಫ್ಲೈಟ್ ಸಿಮ್ಯುಲೇಟರ್ 2004ಕ್ಕೆ. ಅದರಲ್ಲಿ ಜೊತೆಗೆ ಬರುತ್ತಿದ್ದದ್ದು 737-400. ಎಕ್ಸ್‌ನಲ್ಲಿ ಅದರ ಬದಲು 737-800 ಬಂತು, ಫೋಲ್ಡರಿನ ಹೆಸರು ಬಿ737_800 ಆಯಿತು. ಚೀಟಿಯಲ್ಲಿ ಮಾತ್ರ ಹಳೆಯ ಮನೆಯ ಹೆಸರೇ ಉಳಿದಿತ್ತು. ಅಂಥ ಮನೆ ಇಲ್ಲವೆಂದು ಸಿಮ್ ದೂರು ಹೇಳುವುದಿಲ್ಲ, ಸುಮ್ಮನೆ ಮೌನವಾಗಿಬಿಡುತ್ತದೆ. 400ನ್ನು 800 ಮಾಡಿದರೆ ಮುಗಿಯಿತು.

ಆದರೆ ನನಗೆ ಅಲ್ಲಿಗೆ ಮುಗಿಯಲಿಲ್ಲ. ನಾನು ಅಲ್ಲಿ ಸಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಬರೆದೆ. ಮೌನ. ಹೊಸ ವಿಮಾನದ ಫೋಲ್ಡರಿನಿಂದ ಮೆಟ್ಟಿಲು ಹತ್ತಿ ಇಳಿಯುವ ಹಾಗೆ ಎರಡೆರಡು ಚುಕ್ಕಿ ಇಟ್ಟು ಬರೆದೆ. ಮತ್ತೆ ಮೌನ. ಅಲಿಯಾಸ್ ವಿಳಾಸ ಎಣಿಸುವುದು ಏರ್‌ಪ್ಲೇನ್ಸ್ ಫೋಲ್ಡರಿನ ಒಳಗೆ ನಿಂತುಕೊಂಡು. ಡ್ರೈವ್ ಬೇಡ, ಚುಕ್ಕಿ ಬೇಡ. ಮೊದಲು ಮನೆಯ ಹೆಸರು, ಆಮೇಲೆ ಕೋಣೆಯ ಹೆಸರು, ಇಷ್ಟೇ. ಮನೆಯ ಹೆಸರನ್ನು ನೆನಪಿನಿಂದ ಟೈಪ್ ಮಾಡಬೇಡಿ. ಫೋಲ್ಡರಿನ ಮೇಲೆ ಎಫ್2 ಒತ್ತಿ, ಕಾಪಿ ಮಾಡಿ, ಇಲ್ಲಿ ಪೇಸ್ಟ್ ಮಾಡಿ. ಅಡಿಗೆರೆ ಇರುವ ಕಡೆ ಹೈಫನ್ ಬಿದ್ದರೂ ಸದ್ದಿಲ್ಲ.

ಇಷ್ಟು ಸರಿ ಮಾಡಿದ ಮೇಲೂ ಸದ್ದು ಬಾರದಿದ್ದರೆ ಫೈಲಿನ ಹೆಸರಿನ ಬಾಲ ನೋಡಿ. ನೋಟ್‌ಪ್ಯಾಡಿನಲ್ಲಿ ಹೊಸದಾಗಿ ಬರೆದು ಸೇವ್ ಮಾಡಿದರೆ ಅದು ಸೌಂಡ್.ಸಿಎಫ್‌ಜಿ.ಟಿಎಕ್ಸ್‌ಟಿ ಆಗುತ್ತದೆ, ವಿಂಡೋಸ್ ಆ ಕೊನೆಯ ಬಾಲ ತೋರಿಸುವುದಿಲ್ಲ. ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕಿದರೆ ಕಾಣುತ್ತದೆ. ಸಿಮ್ ಪ್ರೋಗ್ರಾಮ್ ಫೈಲ್ಸ್‌ನೊಳಗೆ ಇದ್ದರೆ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಇಲ್ಲದಿದ್ದರೆ ತಿದ್ದಿದ್ದು ಉಳಿಯುವುದಿಲ್ಲ.

ಇದರ ಜೊತೆ ಏರ್‌ಕ್ರಾಫ್ಟ್.ಸಿಎಫ್‌ಜಿಯಲ್ಲಿ ಸೌಂಡ್ ಎಂಬ ಸಾಲನ್ನೂ ನೋಡಿ. ಅದರ ಮುಂದೆ ಖಾಲಿ ಇದ್ದರೆ ಸಿಮ್ ಹುಡುಕುವುದು ಸೌಂಡ್ ಕೋಣೆಯನ್ನು. ಏನಾದರೂ ಹೆಸರಿದ್ದರೆ ಸೌಂಡ್, ಚುಕ್ಕಿ, ಆ ಹೆಸರು ಇರುವ ಕೋಣೆಯನ್ನು. ಬಣ್ಣ ಬದಲಿಸಿದ ವಿಮಾನಗಳಲ್ಲಿ ಒಂದಕ್ಕೆ ಸದ್ದಿದ್ದು ಇನ್ನೊಂದಕ್ಕೆ ಇಲ್ಲವಾದರೆ ಮೊದಲು ಇದನ್ನೇ ನೋಡಿ.

ಹ್ಯಾಂಗ್

ಲೋಡ್ ಆಗುವಾಗಲೇ ನಿಂತರೆ ಆಲ್ಟ್ ಹಿಡಿದು ಎಂಟರ್ ಒತ್ತಿ. ಪೂರ್ಣ ಪರದೆಯ ಹಿಂದೆ "ಈ ಗೇಜನ್ನು ನಂಬಬಹುದೇ" ಎಂಬ ಪ್ರಶ್ನೆ ಉತ್ತರಕ್ಕೆ ಕಾಯುತ್ತಿರಬಹುದು. ಗೇಜ್ ಅಂದರೆ ಕಾಕ್‌ಪಿಟ್ಟಿನ ಒಂದೊಂದು ಮೀಟರು. ನನ್ನಲ್ಲಿ ಎರಡು ಸಲ ಹೀಗಾಗಿತ್ತು, ಅದು ಹ್ಯಾಂಗೇ ಅಲ್ಲ. ಬೇಡ ಎಂದು ಉತ್ತರಿಸಿದರೆ ಆ ಗೇಜ್ ಲೋಡ್ ಆಗುವುದಿಲ್ಲ. ಕಾಕ್‌ಪಿಟ್ಟಿನ ಎಚ್ಚರಿಕೆಯ ದನಿಗಳನ್ನು ಗೇಜೇ ನುಡಿಸುತ್ತಿದ್ದರೆ ಅವೂ ಹೋಗುತ್ತವೆ.

ಹಾರುವಾಗ ನಿಂತರೆ ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್‌ನಲ್ಲಿ ಆ ಹೊತ್ತಿನ ಸಾಲು ಹುಡುಕಿ. ಈವೆಂಟ್ ಐಡಿ 1002 ಇದ್ದರೆ ಹ್ಯಾಂಗ್, 1000 ಇದ್ದರೆ ಕ್ರ್ಯಾಶ್. ಕ್ರ್ಯಾಶ್ ಆಗಿದ್ದರೆ ಯಾವ ಮಾಡ್ಯೂಲಿನಲ್ಲಿ ಎಂಬುದೂ ಅಲ್ಲಿರುತ್ತದೆ. ಮೆಮೊರಿ ತುಂಬಿದರೆ ಸಾಮಾನ್ಯವಾಗಿ ಸಿಮ್ ಹಾಗೆಂದು ಹೇಳಿಯೇ ಮುಚ್ಚಿಕೊಳ್ಳುತ್ತದೆ. ಇದು 32 ಬಿಟ್ ಪ್ರೋಗ್ರಾಮ್, ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ 4 ಜಿಬಿಗಿಂತ ಹೆಚ್ಚು ಮೆಮೊರಿ ಇದಕ್ಕೆ ಸಿಗುವುದಿಲ್ಲ.

ನನ್ನದು ತಡಿಯಂಡಮೋಳ್ ಬೆಟ್ಟ ದಾಟುವ ಹೊತ್ತಿಗೆ, ಮಂಗಳೂರು ಬಿಟ್ಟು ಕಾಲು ಗಂಟೆಯೊಳಗೆ ನಿಲ್ಲುತ್ತಿತ್ತು. ಸೀನರಿಯ, ಅಂದರೆ ಸಿಮ್ಮಿನ ನೆಲದ ಚಿತ್ರಣದ, ಮೇಲೆ ಅನುಮಾನ ಬಂತು. ಸೆಸ್ನಾದಲ್ಲಿ ಅದೇ ದಾರಿ ಹಾರಿದೆ, ನಿಲ್ಲಲಿಲ್ಲ. ಆಗ ಮತ್ತೆ ಅಲಿಯಾಸ್ ನೆನಪಾಯಿತು. ಸದ್ದಿಗೆ ಮಾತ್ರವಲ್ಲ, ಗೇಜುಗಳೆಲ್ಲ ಕೂರುವ ಪ್ಯಾನೆಲ್‌ಗೂ ಅದು ನಡೆಯುತ್ತದೆ. ಆಡ್-ಆನ್ ವಿಮಾನದ ಪ್ಯಾನೆಲ್ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡಿ. ಹೊಸ ಪ್ಯಾನೆಲ್ ಫೋಲ್ಡರ್ ಮಾಡಿ, ಅದರ ಪ್ಯಾನೆಲ್.ಸಿಎಫ್‌ಜಿಯಲ್ಲಿ ಅದೇ ಎರಡು ಸಾಲು ಬರೆಯಿರಿ, ಕೊನೆಗೆ ಸೌಂಡ್ ಬದಲು ಪ್ಯಾನೆಲ್. ಈಗ ಹೊರಗೆ ಆಡ್-ಆನ್ ವಿಮಾನ, ಒಳಗೆ ಸಿಮ್ಮಿನ ಸ್ವಂತ 737-800ರ ಪ್ಯಾನೆಲ್. ಅದೇ ದಾರಿಯಲ್ಲಿ ಹಾರಿ. ನಿಲ್ಲದಿದ್ದರೆ ತಪ್ಪು ಹಳೆಯ ಪ್ಯಾನೆಲ್ಲಿನ ಯಾವುದೋ ಗೇಜಿನಲ್ಲಿದೆ. ಮೂರು ಸಲ ಹಾರಿದೆ, ಮೂರು ಸಲವೂ ಮೈಸೂರಿನವರೆಗೆ ಹೋದೆ. ಈ ವಿಧಾನ ನನಗೆ ಅಷ್ಟು ಇಷ್ಟವಾಗಿದೆ, ಈಗ ಯಾವ ಹೊಸ ವಿಮಾನ ಹಾಕಿದರೂ ಮೊದಲ ಹಾರಾಟ ಹೀಗೆಯೇ.

ಕರೆಂಟು ಮತ್ತು ತೇವ

ಎರಡು ಸಂಗತಿ ಬೇರೆ ಊರಿನವರಿಗೆ ಬೇಕಾಗದಿರಬಹುದು. ಒಂದು, ನಮ್ಮಲ್ಲಿ ಯುಪಿಎಸ್ ಇರುವುದು ಕಂಪ್ಯೂಟರಿನ ಡಬ್ಬಕ್ಕೆ ಮಾತ್ರ, ಮಾನಿಟರಿಗಲ್ಲ. ಕರೆಂಟು ಹೋದಾಗ ಮಾನಿಟರ್ ಆರುತ್ತದೆ, ಸದ್ದು ಬರುವುದು ಎಚ್‌ಡಿಎಂಐ ಮೂಲಕ ಮಾನಿಟರಿನ ಸ್ಪೀಕರಿನಲ್ಲಾದ್ದರಿಂದ ವಿಂಡೋಸಿನ ಪಟ್ಟಿಯಿಂದ ಆ ಸಾಧನವೇ ಮಾಯವಾಗುತ್ತದೆ. ಕರೆಂಟು ಬಂದು ಚಿತ್ರ ಮೂಡಿದರೂ ಹಾರುತ್ತಿದ್ದ ಸಿಮ್ಮಿನಲ್ಲಿ ಸದ್ದು ಮರಳಲಿಲ್ಲ. ಸಿಮ್ ಮುಚ್ಚಿ ಮತ್ತೆ ತೆರೆದಾಗ ಬಂತು. ಇಲ್ಲಿ ಫೋಲ್ಡರಿನಲ್ಲಿ ಏನನ್ನೂ ತಿದ್ದಬಾರದು.

ಇನ್ನೊಂದು, ಹೆಡ್‌ಫೋನಿನಲ್ಲಿ ಚರಚರ ಸದ್ದು. ಪಿನ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದಾಗ ಕಪ್ಪು ಉಂಗುರಗಳ ಪಕ್ಕ ಪಾಚಿಯಂಥ ಹಸಿರು ಗೆರೆ ಕಂಡಿತು. ತೇವಕ್ಕೆ ಕಿಲುಬು ಹಿಡಿದಿದೆ. ಒಣ ಹತ್ತಿಬಟ್ಟೆಯಿಂದ ಉಜ್ಜಿದೆ, ಚರಚರ ನಿಂತಿತು. ಈಗ ಹೆಡ್‌ಫೋನನ್ನು ಸಿಲಿಕಾ ಪುಡಿಕೆಗಳ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತೇನೆ.

ಹ್ಯಾಂಗ್ ಮಾಡುವ ಗೇಜ್ ಯಾವುದೆಂದು ಇನ್ನೂ ಹುಡುಕುತ್ತಿದ್ದೇನೆ. ಹಳೆಯ ಪ್ಯಾನೆಲ್ ಫೋಲ್ಡರ್ ಪಕ್ಕದಲ್ಲೇ ಇದೆ. ಅಲ್ಲಿಯವರೆಗೆ 737-800ರ ಪ್ಯಾನೆಲ್ಲಿನಲ್ಲೇ ಹಾರುತ್ತೇನೆ.