ಪದ ಪರಿಚಯ: ಪ್ರಾಗ್ಜೀವಿ ಚಿತ್ರ

ನಶಿಸಿಹೋದ ಜೀವಿಯ ಪಳೆಯುಳಿಕೆಯನ್ನು ಆಧಾರವಾಗಿಟ್ಟುಕೊಂಡು, ಅದು ಬದುಕಿದ್ದಾಗ ಹೇಗಿದ್ದಿರಬಹುದೆಂದು ತರ್ಕಿಸಿ ಬಿಡಿಸಿದ ಚಿತ್ರವನ್ನು ಪ್ರಾಗ್ಜೀವಿ ಚಿತ್ರ ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಪೇಲಿಯೋಆರ್ಟ್ ಎಂಬ ಹೆಸರಿದೆ. ಬಿಡುವಿನಲ್ಲಿ ಇಂಥ ಚಿತ್ರ ಬರೆಯುತ್ತೇನೆಂದು ಬಳ್ಳಾರಿಯಲ್ಲಿ ಹೇಳಿದರೆ, ‘ಸಂಗನಕಲ್ಲು ಗುಡ್ಡದ ಎತ್ತುಗಳ ಥರವೇ?’ ಎಂದು ಕೇಳುವವರುಂಟು. ಅವು ಇತಿಹಾಸಪೂರ್ವ ಮನುಷ್ಯರು ಬರೆದ ಚಿತ್ರಗಳು. ಇವು ಇತಿಹಾಸಪೂರ್ವ ಪ್ರಾಣಿಗಳನ್ನು ಕುರಿತು ಇಂದಿನವರು ಬರೆಯುವ ಚಿತ್ರಗಳು.

ಇವೆರಡರ ಅಂತರ ಎತ್ತಿನ ಡುಬ್ಬದಲ್ಲಿ ಚೆನ್ನಾಗಿ ಕಾಣುತ್ತದೆ. ಸಂಗನಕಲ್ಲಿನ ಕಪ್ಪು ಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲಿನಿಂದ ಕುಟ್ಟಿ ಮೂಡಿಸಿದ ಎತ್ತುಗಳಿಗೆ ಉದ್ದನೆಯ ಕೊಂಬುಗಳೂ ಹೆಗಲ ಮೇಲೆ ಡುಬ್ಬವೂ ಇವೆ. ಅವರು ದನ ಸಾಕಿದವರು, ಕಂಡದ್ದನ್ನು ಬರೆದರು. ಆದರೆ ಡುಬ್ಬವೆಂಬುದು ಸ್ನಾಯು ಮತ್ತು ಕೊಬ್ಬಿನ ಗಡ್ಡೆ, ಅದರೊಳಗೆ ಮೂಳೆಯಿಲ್ಲ. ಜೀವಂತ ಎತ್ತನ್ನು ಎಂದೂ ನೋಡದವನು ಬರಿಯ ಎಲುಬುಗೂಡನ್ನು ನೆಚ್ಚಿ ಬರೆದರೆ ಬೆನ್ನನ್ನು ಸಪಾಟಾಗಿಯೇ ಎಳೆದಾನು. ಬೆನ್ನುಮೂಳೆಯಿಂದ ಮೇಲಕ್ಕೆ ಚಾಚಿದ ಕೆಲವು ಮುಳ್ಳಿನಂಥ ಎಲುಬುಗಳ ತುದಿ ಸೀಳಿರುವುದು ಡುಬ್ಬದ ದನದ ಗುರುತೆಂದು ಬಲ್ಲವರಿಗೆ ಗೊತ್ತು. ಆದರೆ ಡುಬ್ಬದ ಎತ್ತರವನ್ನು ಆ ಸೀಳು ಹೇಳುವುದಿಲ್ಲ.

ಹೆಚ್ಚು ಜನ ಕೇಳಿರದ ಶಿವಥೀರಿಯಂ ಎಂಬ ನಶಿಸಿಹೋದ ಪ್ರಾಣಿಯ ವಿಷಯದಲ್ಲಿ ಎಡವಟ್ಟಾದದ್ದೂ ಹೀಗೆಯೇ. ಶಿವಾಲಿಕ್ ಬೆಟ್ಟಗಳಲ್ಲಿ ದೊರೆತ ಇದರ ತಲೆಬುರುಡೆಯನ್ನು 1836ರಲ್ಲಿ ವಿವರಿಸಿದ ಬ್ರಿಟಿಷ್ ಸಂಶೋಧಕರಾದ ಫಾಲ್ಕನರ್ ಮತ್ತು ಕಾಟ್ಲಿ, ಮೂಗಿನ ಮೂಳೆ ಗಿಡ್ಡವಾಗಿ ಮೇಲೆದ್ದಿರುವುದನ್ನು ಕಂಡು, ಪ್ರಾಣಿಗೆ ಸೊಂಡಿಲಿದ್ದಿರಬೇಕೆಂದು ಭಾವಿಸಿದರು. ಅದು ಜಿರಾಫೆಯ ಬಳಗದ್ದೆಂದು ತಿಳಿದ ಮೇಲೆ ಸೊಂಡಿಲು ಹೋಯಿತು. ಕಣ್ಣುಗಳ ಮೇಲಿನ ಎರಡು ಚಿಕ್ಕ ಕೊಂಬು, ಹಿಂದಿನ ಎರಡು ಅಗಲ ಕೊಂಬು ಉಳಿದವು. ಆನೆಯಷ್ಟು ಭಾರವೆಂಬ ಹಳೆಯ ಊಹೆಯೂ 2016ರ ಅಧ್ಯಯನವೊಂದರಲ್ಲಿ ಸುಮಾರು 1,250 ಕಿಲೋಗೆ ಇಳಿಯಿತು.

ಆದ್ದರಿಂದ ಈ ಹವ್ಯಾಸದಲ್ಲಿ ಬರೆಯುವುದಕ್ಕಿಂತ ಓದುವ ಕೆಲಸವೇ ಹೆಚ್ಚು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಗ್ರಾನೈಟ್ ಗುಡ್ಡಗಳು ಪ್ರಾಣಿಗಳು ಹುಟ್ಟುವ ಎಷ್ಟೋ ಮೊದಲೇ ಶಿಲಾರಸ ಆರಿ ಗಟ್ಟಿಯಾದವು. ಅವುಗಳಲ್ಲಿ ಎಲುಬು ಹುಡುಕುವಂತಿಲ್ಲ. ಪ್ರಕಟವಾದ ಸಂಶೋಧನಾ ಲೇಖನಗಳಿಂದಲೇ ಅಳತೆ ತೆಗೆದುಕೊಂಡು, ಸಿಕ್ಕ ಎಲುಬನ್ನು ಗಟ್ಟಿ ಗೆರೆಯಲ್ಲೂ ಸಿಗದದ್ದನ್ನು ಚುಕ್ಕಿ ಗೆರೆಯಲ್ಲೂ ಹಾಕಿ, ಆಮೇಲೆ ಸ್ನಾಯು, ಚರ್ಮ ತುಂಬುತ್ತೇನೆ. ಜಿರಾಫೆಯ ಬದುಕಿರುವ ಸಂಬಂಧಿಯಾದ ಒಕಾಪಿಯ ಕಾಲುಗಳಲ್ಲಿ ಪಟ್ಟೆಗಳಿರುವುದರಿಂದ ನನ್ನ ಶಿವಥೀರಿಯಂ ಕಾಲಿಗೂ ಪಟ್ಟೆ ಎಳೆದಿದ್ದೇನೆ. ಹಾಳೆಯ ಅಂಚಿನಲ್ಲಿ ‘ಪಟ್ಟೆ, ಬಣ್ಣ ಎರಡೂ ಊಹೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.