ಕಲ್ಲಿನ ಪೆಟ್ಟಿಗೆಯಲ್ಲಿ ಮಲಗಿದವನು

ಹಳೆಯ ಫೋಟೋಗಳನ್ನು ನೋಡಿ ವಿವರ ಬರೆದಿಡುವುದು ನನ್ನ ಕೆಲಸ. ಕಲಿಯಲು ಬಂದವರಿಗೆ ಮೊದಲು ತೋರಿಸುವುದು ಛಾಯಾಗ್ರಾಹಕ ಬಿಲ್ ಬ್ರಾಂಟ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ತೆಗೆದ ಒಂದು ಚಿತ್ರ. ಸ್ಪಿಟಲ್‌ಫೀಲ್ಡ್ಸ್‌ನ ಕ್ರೈಸ್ಟ್ ಚರ್ಚಿನ ನೆಲಮಾಳಿಗೆ, ಬಾಂಬು ದಾಳಿಗೆ ಹೆದರಿ ಜನ ರಾತ್ರಿ ಬಂದು ಮಲಗುತ್ತಿದ್ದ ಜಾಗ. ಅಲ್ಲೊಂದು ಕಲ್ಲಿನ ಶವಪೆಟ್ಟಿಗೆ. ಅದರೊಳಗೆ ಒಬ್ಬ ಮನುಷ್ಯ ನಿದ್ದೆ ಹೋಗಿದ್ದಾನೆ.

ಏನು ಕಾಣುತ್ತದೆ ಅಂತ ಕೇಳಿದರೆ ಹೆಚ್ಚಿನವರು ‘ಸಾವು’ ಅನ್ನುತ್ತಾರೆ. ಯುದ್ಧ, ಬಾಂಬು, ಶವಪೆಟ್ಟಿಗೆ ಅಂದಮೇಲೆ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ, ಅಲ್ವಾ? ನಾನೂ ಮೊದಮೊದಲು ಹಾಗೇ ಓದಿದ್ದೆ. ಆಮೇಲೆ ಒಂದು ದಿನ ಮಲಗಿದವನ ಕಡೆಯಿಂದ ಯೋಚಿಸಿದೆ. ಸುತ್ತ ಅಪರಿಚಿತರು. ಕತ್ತಲಲ್ಲಿ ಯಾರೋ ತುಳಿಯಬಹುದು, ಯಾರದೋ ಕಾಲು ತಾಗಬಹುದು. ನಾಲ್ಕೂ ಕಡೆ ಗೋಡೆ ಇರುವ, ಒಬ್ಬರಿಗೆ ಮಾತ್ರ ಹಿಡಿಸುವ ಜಾಗ ಅಲ್ಲಿ ಬೇರೆಲ್ಲಿ ಸಿಕ್ಕೀತು? ಅವನಿಗೆ ಅದು ಕೋಣೆ.

ಆ ವರ್ಷ ಸೆಪ್ಟೆಂಬರ್ 7ರಿಂದ ಜರ್ಮನ್ ವಿಮಾನಗಳು ಹೆಚ್ಚುಕಡಿಮೆ ಎರಡು ತಿಂಗಳು ರಾತ್ರಿ ರಾತ್ರಿ ಲಂಡನ್ನಿನ ಮೇಲೆ ಬಾಂಬು ಹಾಕಿದವು. ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮಲಗಲು ಸರ್ಕಾರ ಮೊದಲು ಒಪ್ಪಿರಲಿಲ್ಲ. ಜನ ಟಿಕೆಟ್ ಕೊಂಡು ಕೆಳಗಿಳಿದರು, ಬೆಳಗಾಗುವವರೆಗೆ ಮೇಲೆ ಬರಲಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹಾಗೆ ಮಲಗಿದವರ ಲೆಕ್ಕ ಒಂದು ರಾತ್ರಿಗೆ ಸುಮಾರು 1,77,000. ರೈಲು ಓಡುವ ಹೊತ್ತಿನಲ್ಲಿ ಪ್ರಯಾಣಿಕರಿಗೆ ದಾರಿ ಇರಲಿ ಅಂತ ಪ್ಲಾಟ್‌ಫಾರ್ಮಿನ ಮೇಲೆ ಬಿಳಿ ಗೆರೆ ಎಳೆದರು. ಹಾಸಿಗೆ ಆ ಗೆರೆ ದಾಟುವಂತಿರಲಿಲ್ಲ.

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಇನ್ನೂ ಪೂರ್ತಿಯಾಗದ ರೈಲು ಸುರಂಗದಲ್ಲೂ ಬ್ರಾಂಟ್ ಚಿತ್ರ ತೆಗೆದರು. ಅಲ್ಲಿ ಮಲಗಿದವರಿಗೆ ಪೆಟ್ಟಿಗೆ ಇಲ್ಲ, ಕೋಣೆ ಇಲ್ಲ. ಇಂಥ ಚಿತ್ರ ಕೈಗೆ ಬಂದರೆ ನಾನು ಮುಖಕ್ಕಿಂತ ಮೊದಲು ಕಂಬಳಿ ನೋಡುತ್ತೇನೆ. ಎಲ್ಲಿಯವರೆಗೆ ಎಳೆದುಕೊಂಡಿದ್ದಾರೆ? ಮುಸುಕು ಹಾಕಿದ್ದಾರಾ? ಮುಖ ಗೋಡೆ ಕಡೆಗಾ, ಪಕ್ಕದವರ ಕಡೆಗಾ? ಶೂ ಕಾಲಲ್ಲೇ ಇದೆಯಾ, ತಲೆದೆಸೆಯಲ್ಲಿದೆಯಾ? ಶೂ ಬಿಚ್ಚಿಟ್ಟವರು ಆ ಎರಡಡಿ ಜಾಗವನ್ನು ಸ್ವಲ್ಪ ಮಟ್ಟಿಗಾದರೂ ಮನೆ ಅಂದುಕೊಂಡಿದ್ದಾರೆ.

ಇಂಥ ಚಿತ್ರಗಳ ಕೆಳಗೆ ‘ನೆಮ್ಮದಿಯ ನಿದ್ದೆ’ ಅಂತ ಬರೆದು ತರುವವರು ಜಾಸ್ತಿ. ನಾನು ‘ನೆಮ್ಮದಿ’ ಹೊಡೆದುಹಾಕುತ್ತೇನೆ. ಸುಸ್ತಾಗಿ ಬಿದ್ದವರ ಕಣ್ಣೂ ಮುಚ್ಚಿರುತ್ತದೆ.

ಇನ್ನು ಕ್ಯಾಮೆರಾ ಹಿಡಿದವರು. ಬ್ರಾಂಟ್ ಅವರನ್ನು ಕಳಿಸಿದ್ದು ಬ್ರಿಟನ್ನಿನ ಮಾಹಿತಿ ಸಚಿವಾಲಯ. ಜನ ಮಲಗಿದ್ದಾಗ ತೆಗೆದ ಚಿತ್ರಗಳಿವು. ಮಲಗಿದವರನ್ನು ಕೇಳುವುದಾದರೂ ಹೇಗೆ? ಅದೇ ದಿನಗಳಲ್ಲಿ ಅದೇ ಸುರಂಗಗಳಿಗೆ ಹೋಗುತ್ತಿದ್ದ ಶಿಲ್ಪಿ ಹೆನ್ರಿ ಮೂರ್ ಮಲಗಿದವರೆದುರು ಕೂತು ಚಿತ್ರ ಬರೆಯಲು ಹಿಂಜರಿದರು. ಸುಮ್ನೆ ನೋಡಿಕೊಂಡು, ಚುಟುಕಾಗಿ ಗುರುತು ಹಾಕಿಕೊಂಡು, ಆಮೇಲೆ ಬರೆದರು. ನನ್ನ ಮನಸ್ಸು ಮೂರ್ ಕಡೆಗೇ ವಾಲುತ್ತದೆ. ಆದರೆ ಕಲ್ಲಿನ ಪೆಟ್ಟಿಗೆಯನ್ನು ಕೋಣೆ ಮಾಡಿಕೊಂಡವನನ್ನು ನನಗೆ ತೋರಿಸಿದ್ದು ಬ್ರಾಂಟ್.

ಅದೇ ನೆಲಮಾಳಿಗೆಯ ಇನ್ನೊಂದು ಚಿತ್ರದಲ್ಲಿ ಒಂದು ಸಿಖ್ ಕುಟುಂಬ ಗೋಡೆಯ ಗೂಡಿನಲ್ಲಿ ಒತ್ತಾಗಿ ಸೇರಿಕೊಂಡಿದೆ. ಅವರಿಗೆ ಮೂರು ಕಡೆ ಗೋಡೆ ಸಿಕ್ಕಿತ್ತು. ನಾಲ್ಕನೆಯ ಕಡೆ ಬ್ರಾಂಟ್ ಕ್ಯಾಮೆರಾ ಹಿಡಿದು ನಿಂತಿದ್ದರು.